ಊರಿಗೆ ಗುಟ್ಟು, ಹೆತ್ತವರಿಗಲ್ಲ

ಮಕ್ಕಳ ಕಲ್ಯಾಣ ಸಮಿತಿಗೆ 25 ವರ್ಷ: ಧಾರವಾಡ ಜಿಲ್ಲೆಯ ಹಳ್ಳಿಗಳ ಕಡೆಯಿಂದ ಒಂದು ನೋಟ

ಸ್ಮರಣ ಸಂಚಿಕೆ ಎಂದರೆ ಹೆಸರುಗಳ ಜಾತ್ರೆ. ಮೊದಲ ಪುಟಗಳಲ್ಲಿ ಸಂಸ್ಥಾಪಕರ ಭಾವಚಿತ್ರ, ಆಮೇಲೆ ಅಧ್ಯಕ್ಷರ ಸಾಲು, ದಾನಿಗಳ ಪಟ್ಟಿ, ಅಲ್ಲಿ ಬೆಳೆದು ದೊಡ್ಡವರಾದವರ ನೆನಪುಗಳು. ಶಾಲೆಗೆ, ಮಠಕ್ಕೆ, ಸಹಕಾರಿ ಸಂಘಕ್ಕೆ ಇದು ಒಪ್ಪುತ್ತದೆ. ಮಕ್ಕಳ ಕಲ್ಯಾಣ ಸಮಿತಿಯ ಚರಿತ್ರೆ ಬರೆಯಲು ಕೂತರೆ ಮಾತ್ರ ಈ ಜಾತ್ರೆ ನೆರೆಯುವುದಿಲ್ಲ. ಅದರ ಮುಂದೆ ಬಂದು ಕೂತ ಮಗುವಿನ ಹೆಸರು, ವಿಳಾಸ, ಶಾಲೆ, ಗುರುತು ಹತ್ತುವ ಬೇರೆ ಯಾವ ವಿವರವನ್ನೂ ಅಚ್ಚು ಹಾಕುವಂತಿಲ್ಲ. ಹಾಕಿದವರಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಹೇಳುವುದು ಇದನ್ನೇ.

ಆದ್ದರಿಂದ ಈ ಬರಹದಲ್ಲಿ ಯಾವ ಮಗುವಿನ ಹೆಸರೂ ಇಲ್ಲ, ಯಾವ ತಾಯಿಯ ಹೆಸರೂ ಇಲ್ಲ. ಮುಂದೆ ಬರುವ ಒಬ್ಬ ಹುಡುಗ, ಅವನ ಅವ್ವ ನಿಜವಾದ ಯಾರೋ ಇಬ್ಬರಲ್ಲ. ಅಣ್ಣಿಗೇರಿ, ನವಲಗುಂದ ಸೀಮೆಯ ಬದುಕು ಬಲ್ಲ ಯಾರಿಗೂ ಪರಿಚಿತವೆನಿಸುವ ಸಂಗತಿಗಳನ್ನು ಕೂಡಿಸಿ ನಾನೇ ಕಟ್ಟಿಕೊಂಡ ಚಿತ್ರ ಅದು. ಕಾಯ್ದೆ, ಕಲಂ, ಇಸವಿಗಳು ಮಾತ್ರ ಇದ್ದದ್ದು ಇದ್ದ ಹಾಗೆ.

ಕಾಯ್ದೆಯ ಪುಸ್ತಕದಲ್ಲಿ ಸಮಿತಿ ಹುಟ್ಟಿದ್ದು 2000ದ ಬಾಲನ್ಯಾಯ ಕಾಯ್ದೆಯಿಂದ. ಅದು ಜಾರಿಗೆ ಬಂದದ್ದು 2001ರ ಏಪ್ರಿಲ್ 1ರಂದು. ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರು. ಅವರಲ್ಲಿ ಒಬ್ಬರಾದರೂ ಮಹಿಳೆ, ಇನ್ನೊಬ್ಬರು ಮಕ್ಕಳ ವಿಷಯ ಬಲ್ಲವರು. ಜಿಲ್ಲೆ ಜಿಲ್ಲೆಗೂ ಸಮಿತಿ ಇರಬೇಕು, ಅದೂ ವರ್ಷದೊಳಗೆ, ಎಂಬ ಮಾತು ಸೇರಿದ್ದು 2006ರ ತಿದ್ದುಪಡಿಯಲ್ಲಿ. ಇಪ್ಪತ್ತೈದು ವರ್ಷದ ಈ ಹೊತ್ತಿನಲ್ಲಿ ನನಗೆ ಹೇಳಬೇಕಾದ ಮಾತು ಒಂದೇ. ಗುಟ್ಟು ಕಾಯುವುದು ಈ ಸಂಸ್ಥೆಯ ಧರ್ಮ, ಸರಿ. ಆದರೆ ಯಾರಿಂದ ಕಾಯಬೇಕು? ಊರಿನಿಂದ, ಪೇಪರಿನಿಂದ, ಮೊಬೈಲ್ ಹಿಡಿದು ನಿಂತವರಿಂದ. ಹೆತ್ತವರನ್ನೂ ಅದೇ ಸಾಲಿನಲ್ಲಿ ಹೊರಗೆ ನಿಲ್ಲಿಸಿದರೆ ಗುಟ್ಟು ಮಗುವಿಗೆ ನೆರಳಾಗುವುದಿಲ್ಲ, ಕಚೇರಿಗೆ ಪರದೆಯಾಗುತ್ತದೆ.

ಸಮಿತಿಗಿಂತ ಮೊದಲು

ಈ ನೆಲಕ್ಕೆ ಮಕ್ಕಳ ಕಾನೂನು ಹೊಸದಲ್ಲ. ಧಾರವಾಡ ಮುಂಬಯಿ ಪ್ರಾಂತದಲ್ಲಿದ್ದಾಗಲೇ, 1924ರಲ್ಲಿ, ಮುಂಬಯಿ ಮಕ್ಕಳ ಕಾಯ್ದೆ ಬಂದಿತ್ತು. 1956ರ ನವೆಂಬರ್ 1ಕ್ಕೆ ಜಿಲ್ಲೆ ಮೈಸೂರು ರಾಜ್ಯ ಸೇರಿತು. 1964ರಲ್ಲಿ ಹೊಸ ರಾಜ್ಯ ತನ್ನದೇ ಮಕ್ಕಳ ಕಾಯ್ದೆ ಮಾಡಿಕೊಂಡಿತು.

ಆದರೆ ಹೆತ್ತವರ ಹಕ್ಕಿನ ಕಥೆ ಹೇಳುವಾಗ ಬಿಡಬಾರದ ಇನ್ನೊಂದು ಕಾನೂನಿದೆ. ಹುಬ್ಬಳ್ಳಿಯಲ್ಲಿ, ಗದಗಿನಲ್ಲಿ ಇವತ್ತಿಗೂ ಜನ ‘ಸೆಟ್ಲಮೆಂಟ್’ ಎಂದು ಕರೆಯುವ ಓಣಿಗಳಿವೆ. ಬ್ರಿಟಿಷ್ ಸರ್ಕಾರ ‘ಅಪರಾಧಿ ಬುಡಕಟ್ಟು’ ಎಂದು ಹಣೆಪಟ್ಟಿ ಹಚ್ಚಿದ ಸಮುದಾಯಗಳನ್ನು ಬೇಲಿಯೊಳಗೆ ಕೂಡಿಹಾಕಿದ ಜಾಗಗಳು ಅವು. 1911ರಲ್ಲಿ ಈ ಭಾಗಕ್ಕೆ ಬಂದು 1924ರಲ್ಲಿ ಮತ್ತೆ ಗಟ್ಟಿಯಾದ ಅಪರಾಧಿ ಬುಡಕಟ್ಟು ಕಾಯ್ದೆ ಮಕ್ಕಳನ್ನು ತಂದೆತಾಯಿಯಿಂದ ಬೇರೆ ಮಾಡಿ ಉದ್ಯೋಗ ಶಾಲೆಗೆ, ಸುಧಾರಣಾ ಶಾಲೆಗೆ ಹಾಕುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತ್ತು. ಹೆತ್ತವರ ತಪ್ಪೇನೆಂದು ಯಾರೂ ತೋರಿಸಬೇಕಿರಲಿಲ್ಲ. ಹುಟ್ಟಿದ ಜಾತಿಯೇ ತಪ್ಪಾಗಿತ್ತು. ಆ ಕಾಯ್ದೆ ರದ್ದಾದದ್ದು ಸ್ವಾತಂತ್ರ್ಯ ಬಂದು ಐದು ವರ್ಷದ ಮೇಲೆ, 1952ರಲ್ಲಿ. ‘ನಿಮ್ಮ ಮಗುವಿನ ಒಳ್ಳೆಯದಕ್ಕೇ ಒಯ್ಯುತ್ತಿದ್ದೇವೆ’ ಎಂಬ ಮಾತು ಈ ಭಾಗದ ಬಡವರಿಗೆ ಇಂದಿಗೂ ನಡುಕ ಹುಟ್ಟಿಸಿದರೆ ಅದು ಅವರ ತಿಳಿವಳಿಕೆಯ ಕೊರತೆಯಲ್ಲ. ಸರ್ಕಾರದವರು ಬಂದು ಮಕ್ಕಳನ್ನು ಕೊಂಡೊಯ್ದ ನೆನಪು ಒಂದು ತಲೆಮಾರಿಗೆ ಅಳಿಯುವಂಥದ್ದಲ್ಲ.

ಇಡೀ ದೇಶಕ್ಕೆ ಒಂದೇ ಬಾಲನ್ಯಾಯ ಕಾಯ್ದೆ ಬಂದದ್ದು 1986ರಲ್ಲಿ. ಜೈಲುಗಳಲ್ಲಿ ಕೊಳೆಯುತ್ತಿದ್ದ ಮಕ್ಕಳ ಪರವಾಗಿ ಪತ್ರಕರ್ತೆ ಶೀಲಾ ಬರ್ಸೆ ಸುಪ್ರೀಂ ಕೋರ್ಟಿನಲ್ಲಿ ಹೋರಾಡಿದ ಕಾಲ ಅದು. ಆ ಕಾಯ್ದೆ ಎರಡು ಬಾಗಿಲು ಮಾಡಿತು. ತಪ್ಪು ಮಾಡಿದರೆಂಬ ಆರೋಪ ಹೊತ್ತ ಮಕ್ಕಳಿಗೆ ಬಾಲ ನ್ಯಾಯಾಲಯ. ದಿಕ್ಕಿಲ್ಲದ ಮಕ್ಕಳಿಗೆ ಬಾಲ ಕಲ್ಯಾಣ ಮಂಡಳಿ. ಇಂದಿನ ಸಮಿತಿಯ ಹಿರಿಯಕ್ಕ ಈ ಮಂಡಳಿ.

ಒಂದು ಪದ ಬದಲಾದಾಗ

1986ರ ಕಾಯ್ದೆ ಮಂಡಳಿಯ ಮುಂದೆ ಬರುವ ಮಗುವನ್ನು ‘ನಿರ್ಲಕ್ಷಿತ’ ಎಂದು ಕರೆಯುತ್ತಿತ್ತು. ಮಗು ನಿರ್ಲಕ್ಷಿತ ಎಂದ ಮೇಲೆ ನಿರ್ಲಕ್ಷಿಸಿದವರು ಒಬ್ಬರು ಇರಲೇಬೇಕು. ವಿಚಾರಣೆ ಶುರುವಾಗುವ ಮೊದಲೇ, ಬರೀ ಹೆಸರಿನಿಂದಲೇ, ಅಪ್ಪ ಅವ್ವ ಆರೋಪಿಗಳಾಗಿಬಿಡುತ್ತಿದ್ದರು.

1989ರ ನವೆಂಬರ್ 20ರಂದು ವಿಶ್ವಸಂಸ್ಥೆ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಅಂಗೀಕರಿಸಿತು. ಭಾರತ ಅದನ್ನು ಒಪ್ಪಿದ್ದು 1992ರ ಡಿಸೆಂಬರ್ 11ರಂದು. ಅದರ 9ನೇ ವಿಧಿಯ ಪ್ರಕಾರ ಹೆತ್ತವರ ಇಚ್ಛೆಗೆ ವಿರುದ್ಧವಾಗಿ ಮಗುವನ್ನು ಅವರಿಂದ ಬೇರ್ಪಡಿಸುವಂತಿಲ್ಲ. ಮಗುವಿನ ಹಿತಕ್ಕೆ ಬೇರ್ಪಡಿಸಲೇಬೇಕಾದರೆ ಕಾನೂನಿನಂತೆ ನಡೆಯಬೇಕು, ನ್ಯಾಯಾಲಯದ ಪರಿಶೀಲನೆಗೆ ಒಳಪಡಬೇಕು, ಹೆತ್ತವರಿಗೂ ತಮ್ಮ ಮಾತು ಹೇಳಲು ಅವಕಾಶವಿರಬೇಕು. 16ನೇ ವಿಧಿ ಮಗುವಿನ ಖಾಸಗಿತನ ಕಾಯುತ್ತದೆ. ಹೆತ್ತವರ ಹಕ್ಕು, ಗೋಪ್ಯತೆ, ಎರಡಕ್ಕೂ ಬುನಾದಿ ಇಲ್ಲಿದೆ.

2000ದ ಕಾಯ್ದೆ ‘ನಿರ್ಲಕ್ಷಿತ’ ಎಂಬ ಪದವನ್ನೇ ಕೈಬಿಟ್ಟಿತು. ಆ ಜಾಗಕ್ಕೆ ‘ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವ ಮಗು’ ಬಂತು. ಉದ್ದವಾದ, ಬಾಯಿಗೆ ತೊಡರುವ ಮಾತು. ಆದರೆ ಇದರಲ್ಲಿ ಯಾರ ಮೇಲೂ ಬೆರಳಿಲ್ಲ. ಮಗುವಿಗೆ ಏನು ಬೇಕು ಎಂಬುದಷ್ಟೇ ಇದೆ. ಈ 25 ವರ್ಷದ ದೊಡ್ಡ ಸಾಧನೆ ಯಾವುದೆಂದು ಕೇಳಿದರೆ ನಾನು ಕಟ್ಟಡ ತೋರಿಸುವುದಿಲ್ಲ, ಈ ಪದ ತೋರಿಸುತ್ತೇನೆ.

ಗುಟ್ಟಿನ ಕಾವಲೂ ಹೀಗೇ ಹಂತಹಂತವಾಗಿ ಬಿಗಿಯಾಯಿತು. 1986ರಲ್ಲಿ ಮಗುವಿನ ಹೆಸರು ಪ್ರಕಟಿಸಿದವರಿಗೆ ದಂಡ ಹೆಚ್ಚೆಂದರೆ ಒಂದು ಸಾವಿರ ರೂಪಾಯಿ. 2006ರಲ್ಲಿ ಅದು 25,000ಕ್ಕೆ ಏರಿತು. 2015ರ ಕಾಯ್ದೆಯಲ್ಲಿ ಎರಡು ಲಕ್ಷವಾಗಿ, ಜೈಲೂ ಸೇರಿತು. ಪತ್ರಿಕೆ, ಟಿ.ವಿ. ಮಾತ್ರವಲ್ಲದೆ ‘ಇತರ ಸಂವಹನ ರೂಪಗಳು’ ಎಂದೂ ಬರೆದಿರುವುದರಿಂದ ಊರಿನ ವಾಟ್ಸ್ಆ್ಯಪ್ ಗುಂಪೂ ಇದರ ಹಿಡಿತಕ್ಕೆ ಬರುತ್ತದೆ. ಈ ಕಾಯ್ದೆ ಜಾರಿಯಾದದ್ದು 2016ರ ಜನವರಿ 15ರಂದು. ಮರುವರ್ಷ, 2017ರ ಆಗಸ್ಟ್ 24ರಂದು, ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ತೀರ್ಪು ಕೊಟ್ಟಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಬಿಟ್ಟು ಹೋದರೋ, ಇಟ್ಟು ಹೋದರೋ

ಈಗ ಆ ಹುಡುಗನ ವಿಷಯ. ವಯಸ್ಸು ಹನ್ನೊಂದು. ಎರಿಹೊಲದ ಸೀಮೆ. ಹೆಸರು, ಕಡಲೆ, ಹತ್ತಿ ಬೆಳೆಯುವ ಕಪ್ಪು ನೆಲ. ಮಳೆ ಕೈಕೊಟ್ಟ ವರ್ಷ ದುಡಿಯುವವರೆಲ್ಲ ಗುಳೆ ಹೋಗುತ್ತಾರೆ. ಇವನ ಅಪ್ಪ ಅವ್ವ ಗೋವಾದ ಕಟ್ಟಡ ಕೆಲಸಕ್ಕೆ ಹೋಗಿದ್ದರು. ಸಾಲಿ ತಪ್ಪಬಾರದೆಂದು ಹುಡುಗನನ್ನು ಕಾಕಾನ ಮನೆಯಲ್ಲಿ ಇಟ್ಟಿದ್ದರು. ಒಂದು ಸಂಜೆ ಅವನಿಗೆ ಅವ್ವನ ನೆನಪು ತಡೆಯಲಾಗಲಿಲ್ಲ. ಅಣ್ಣಿಗೇರಿ ನಿಲ್ದಾಣದಲ್ಲಿ ಗಾಡಿ ಹತ್ತಿದ. ಹುಬ್ಬಳ್ಳಿಯಲ್ಲಿ ಇಳಿದು ದಾರಿ ತಿಳಿಯದೆ ಅಳುತ್ತ ನಿಂತ.

ಇಂಥ ಮಗುವನ್ನು ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಸಮಿತಿಯ ಮುಂದೆ ಹಾಜರುಪಡಿಸಬೇಕು. ಸಮಿತಿ ಮಗುವಿನ ಮನೆ, ಊರು, ಬದುಕು ನೋಡಿ ಬರಲು ಒಬ್ಬರಿಗೆ ಹೇಳುತ್ತದೆ. ಆ ಸಾಮಾಜಿಕ ತನಿಖಾ ವರದಿ 15 ದಿನದೊಳಗೆ ಬರಬೇಕು. ಮಗು ಮೊದಲು ಹಾಜರಾದ ದಿನದಿಂದ ನಾಲ್ಕು ತಿಂಗಳೊಳಗೆ ಅಂತಿಮ ಆದೇಶ ಆಗಬೇಕು. ಸಮಿತಿ ತಿಂಗಳಿಗೆ ಕನಿಷ್ಠ 20 ದಿನ ಸೇರಬೇಕು. ಅದಕ್ಕೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಅಧಿಕಾರವಿದೆ. ಆದರೂ ಅದು ಕೂಡುವ ಜಾಗ ಕೋರ್ಟಿನ ಕೋಣೆಯಂತೆ ಕಾಣಬಾರದು. ಸಂಬಂಧವಿಲ್ಲದ ಯಾರೂ ಒಳಗೆ ಇರಬಾರದು.

ಸುದ್ದಿ ತಿಳಿದ ಅವ್ವ ರಾತ್ರಿಯೇ ಬಸ್ಸು ಹತ್ತಿದಳು. ಮರುದಿನ ಸಮಿತಿಯ ಬಾಗಿಲಿಗೆ ಬಂದು ಕೇಳಿದ್ದು ಕಾನೂನಿನ ಪ್ರಶ್ನೆಯಲ್ಲ.

“ನನ್ನ ಮಗ ಎಲ್ಲಿ ಅದಾನ್ರಿ? ಉಂಡಾನೇನ್ರಿ?”

ಈ ಪ್ರಶ್ನೆಗೆ ‘ಅದೆಲ್ಲ ಗೋಪ್ಯ’ ಎಂಬ ಉತ್ತರ ಎಷ್ಟು ಸುಲಭ! ಒಳ್ಳೆಯ ಸದಸ್ಯರು ಹಾಗೆ ಹೇಳುವುದಿಲ್ಲ. “ಕುಂದರ್ರಿ ಅಕ್ಕಾರ. ನಿಮ್ಮ ಹುಡುಗ ಆರಾಮ ಅದಾನ. ಮುಂಜಾನೆ ನಾಷ್ಟಾ ಮಾಡ್ಯಾನ,” ಎನ್ನುತ್ತಾರೆ. ಆ ಒಂದು ಮಾತಿನಿಂದ ಅವಳ ಕಣ್ಣೀರು ಅರ್ಧ ನಿಲ್ಲುತ್ತದೆ.

ಹದಿನೈದನೇ ದಿನ ವರದಿ ಬಂತು. ಅದರಲ್ಲಿ ಒಂದು ಸಾಲು: ‘ತಂದೆ ತಾಯಿ ಮಗುವನ್ನು ಬಿಟ್ಟು ಹೋಗಿರುತ್ತಾರೆ.’ ಬರೆದವರು ಕೆಟ್ಟ ಮನಸ್ಸಿನಿಂದ ಬರೆದದ್ದಲ್ಲ. ನೆರೆಯವರು ಹೇಳಿದ್ದನ್ನು ಹಾಗೇ ಇಳಿಸಿಕೊಂಡಿದ್ದರು. ಆದರೆ ಕಡತದಲ್ಲಿ ಕೂತ ಮೇಲೆ ‘ಬಿಟ್ಟು ಹೋಗು’ ಎಂಬುದಕ್ಕೆ ಒಂದೇ ಅರ್ಥ: ತ್ಯಜಿಸುವುದು. ಅಂಥ ಮಗುವಿಗೆ ತೆರೆಯುವ ದಾರಿಯೇ ಬೇರೆ.

“ನನ್ನ ಮ್ಯಾಲೆ ಏನ್ ಬರದಾರ್ರಿ ಅದರಾಗ?” ಎಂದು ಅವ್ವ ಕೇಳಿದಳು.

“ಓದಿ ಹೇಳತೇನಿ, ಕೇಳ್ರಿ. ತಪ್ಪಿದ್ದರ ಹೇಳ್ರಿ, ಅದನ್ನೂ ಬರಕೋತೇವಿ.”

ಓದಿದಾಗ ಅವಳು ಎದ್ದು ನಿಂತಳು. “ಬಿಟ್ಟು ಹೋಗಿಲ್ರಿ ಯಪ್ಪಾ. ಇಟ್ಟು ಹೋಗೇವಿ. ಅವರ ಕಾಕಾನ ಕೈಯಾಗ ಇಟ್ಟು ಹೋಗೇವಿ. ತಿಂಗಳ ತಿಂಗಳ ರೊಕ್ಕಾ ಹಾಕೇವಿ.”

ಬಿಟ್ಟು, ಇಟ್ಟು. ನಡುವೆ ಒಂದೇ ಅಕ್ಷರದ ಅಂತರ. ಒಂದು ಕಡೆ ಮಗುವನ್ನು ತೊರೆದ ತಾಯಿ. ಇನ್ನೊಂದು ಕಡೆ ಅದರ ಸಾಲಿಗಾಗಿ ಸಂಕಟ ನುಂಗಿ ದೂರ ದುಡಿಯಲು ಹೋದ ತಾಯಿ. ವರದಿಯನ್ನು ಅವಳಿಗೆ ಓದಿ ಹೇಳದೆ ಇದ್ದಿದ್ದರೆ ಆ ಅಕ್ಷರ ತಿದ್ದುವವರು ಜಗತ್ತಿನಲ್ಲಿ ಬೇರೆ ಯಾರೂ ಇರಲಿಲ್ಲ.

ಹೆತ್ತವರ ಹಕ್ಕು ಎಂದಾಗ ನನ್ನ ಮನಸ್ಸಿನಲ್ಲಿರುವುದು ಇದು. ಮಗು ನನ್ನ ಆಸ್ತಿ ಎಂಬ ಹಟ ಅಲ್ಲ. ನನ್ನ ಬಗ್ಗೆ ಬರೆದದ್ದು ನನಗೆ ತಿಳಿಯಬೇಕು, ಅದಕ್ಕೆ ನನ್ನ ಉತ್ತರ ದಾಖಲಾಗಬೇಕು ಎಂಬಷ್ಟೇ ಬೇಡಿಕೆ. 2015ರ ಕಾಯ್ದೆಯ 99ನೇ ಕಲಂ ಇದಕ್ಕೆ ಜಾಗ ಮಾಡಿದೆ. ಸಮಿತಿ ಪರಿಶೀಲಿಸುವ ಎಲ್ಲ ವರದಿಗಳೂ ಗೋಪ್ಯ ಎಂದು ಮೊದಲು ಹೇಳಿ, ಸಮಿತಿಗೆ ಸರಿ ಕಂಡರೆ ವರದಿಯ ಸಾರಾಂಶವನ್ನು ಮಗುವಿಗೆ, ತಂದೆತಾಯಿಗೆ ಅಥವಾ ಪಾಲಕರಿಗೆ ತಿಳಿಸಬಹುದು, ಅದರ ಬಗ್ಗೆ ಸಾಕ್ಷ್ಯ ತರಲು ಅವರಿಗೆ ಅವಕಾಶ ಕೊಡಬಹುದು ಎಂದು ಸೇರಿಸುತ್ತದೆ. ಮಾತು ನಿಂತಿರುವುದು ‘ಬಹುದು’ ಎಂಬುದರ ಮೇಲೆ. ಮಗುವಿಗೆ ಅಪಾಯವಿಲ್ಲದ ಪ್ರತಿ ಪ್ರಕರಣದಲ್ಲೂ ಸಮಿತಿಗಳು ಈ ‘ಬಹುದು’ ಅನ್ನು ‘ಬೇಕು’ ಎಂದೇ ಓದಿಕೊಂಡು ನಡೆಯಲಿ ಎಂಬುದು ನನ್ನ ಬಲವಾದ ಕೋರಿಕೆ.

ಆದೇಶ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಮಕ್ಕಳ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಬಹುದು. ಮೇಲೆ ಹೈಕೋರ್ಟ್ ಇದೆ. 2008ರಲ್ಲಿ ಸಂಚಾರಿ ಪೀಠ ಬಂದು, 2013ರಲ್ಲಿ ಕಾಯಂ ಪೀಠವಾದ ಮೇಲೆ ಅದು ಧಾರವಾಡದ ಅಂಚಿನಲ್ಲೇ ಇದೆ. ಬೆಂಗಳೂರಿನ ದಾರಿ ಹಿಡಿಯಬೇಕಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಮಹಿಳೆಗೆ, ಮಗುವಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ವಕೀಲರ ನೆರವು ಉಚಿತ. ಆದರೆ ಆದೇಶದ ಪ್ರತಿ ಕೈಗೆ ಸಿಗದಿದ್ದರೆ, ಸಿಕ್ಕರೂ ಅದರಲ್ಲೇನಿದೆ ಎಂದು ಯಾರೂ ಓದಿ ಹೇಳದಿದ್ದರೆ, 30 ದಿನ ಹೊಲದ ಕೆಲಸದ ನಡುವೆ ಕಳೆದುಹೋಗುತ್ತದೆ.

ಎರಡು ತೊಟ್ಟಿಲು

ಕಲಘಟಗಿ ಎಂದರೆ ತೊಟ್ಟಿಲು. ಕಟ್ಟಿಗೆಯಲ್ಲಿ ಕಡೆದು, ಅರಗಿನ ಬಣ್ಣ ಹಾಕಿ, ಸುತ್ತ ರಾಮಾಯಣದ, ಕೃಷ್ಣಲೀಲೆಯ ಚಿತ್ರ ಬರೆದ ಆ ತೊಟ್ಟಿಲು ತವರಿನಿಂದ ಬಂದರೆ ಮಗಳಿಗೆ ಊರೆಲ್ಲ ಹೇಳಿಕೊಳ್ಳುವ ಹೆಮ್ಮೆ. ಒಂದೇ ತೊಟ್ಟಿಲಲ್ಲಿ ಮೂರು ತಲೆಮಾರು ತೂಗಿಸಿಕೊಂಡ ಮನೆಗಳಿವೆ.

ಇನ್ನೊಂದು ತೊಟ್ಟಿಲಿದೆ. ಆಸ್ಪತ್ರೆಯ, ಶಿಶುಗೃಹದ ಬಾಗಿಲಲ್ಲಿ ಇಡುವ ‘ಮಮತೆಯ ತೊಟ್ಟಿಲು’. ಸಾಕಲಾಗದವರು ಕೂಸನ್ನು ಮುಳ್ಳುಕಂಟಿಯಲ್ಲಿ, ಬಸ್ ನಿಲ್ದಾಣದಲ್ಲಿ ಬಿಡದೆ ಇಲ್ಲಿ ಮಲಗಿಸಿ ಹೋಗಲಿ ಎಂಬ ಕರುಣೆಯ ಏರ್ಪಾಡು. ಮೊದಲ ತೊಟ್ಟಿಲಿಗೆ ಊರೇ ಸಾಕ್ಷಿ. ಎರಡನೆಯದಕ್ಕೆ ಯಾರೂ ಸಾಕ್ಷಿಯಾಗಬಾರದು.

ಕಾನೂನು ಇಲ್ಲಿ ಎರಡು ಬಗೆ ಮಾಡುತ್ತದೆ. ಬಿಟ್ಟುಹೋದ ಕೂಸು ಸಿಕ್ಕರೆ ಹೆತ್ತವರನ್ನು ಹುಡುಕಬೇಕು. ಅದಕ್ಕಾಗಿ ಮೂರು ದಿನದೊಳಗೆ ಕೂಸಿನ ಫೋಟೊ, ವಿವರ ಪತ್ರಿಕೆಯಲ್ಲಿ ಪ್ರಕಟಿಸಬೇಕು. ಮಕ್ಕಳ ಗುರುತು ಮುಚ್ಚಿಡು ಎನ್ನುವ ಕಾನೂನೇ ಇಲ್ಲಿ ಗುರುತು ತೋರಿಸು ಎನ್ನುವುದು ವಿಚಿತ್ರವಾಗಿ ಕಾಣಬಹುದು. ಕಾರಣ ಹೆತ್ತವರ ಹಕ್ಕು. ಯಾರೋ ಕದ್ದು ತಂದ ಕೂಸಾಗಿದ್ದರೆ? ಮನೆಯವರು ತಾಯಿಗೆ ಸತ್ತ ಕೂಸು ಹುಟ್ಟಿತೆಂದು ಸುಳ್ಳು ಹೇಳಿದ್ದರೆ? ಹುಡುಕುತ್ತಿರುವ ಅವ್ವನ ಕಣ್ಣಿಗೆ ಆ ಫೋಟೊ ಬೀಳಲಿ ಎಂದೇ ಆ ಪ್ರಕಟಣೆ. ಯಾರೂ ಬರದಿದ್ದರೆ, ವಿಚಾರಣೆ ನಡೆಸಿ, ಎರಡು ವರ್ಷದೊಳಗಿನ ಕೂಸನ್ನು ಎರಡು ತಿಂಗಳೊಳಗೆ, ದೊಡ್ಡ ಮಗುವನ್ನು ನಾಲ್ಕು ತಿಂಗಳೊಳಗೆ ದತ್ತಕಕ್ಕೆ ಮುಕ್ತ ಎಂದು ಸಮಿತಿ ಘೋಷಿಸುತ್ತದೆ.

ತಾಯಿಯೇ ಸಮಿತಿಯ ಮುಂದೆ ಬಂದು ಕೂಸನ್ನು ಒಪ್ಪಿಸಿದರೆ ದಾರಿ ಪೂರ್ತಿ ಬೇರೆ. ಪತ್ರಿಕಾ ಪ್ರಕಟಣೆ ಇಲ್ಲ. ವಿಚಾರಣೆ ಮುಚ್ಚಿದ ಬಾಗಿಲೊಳಗೆ. ಅವಳೊಡನೆ ಸಮಾಲೋಚನೆ ಮಾಡಬೇಕು. ಒಪ್ಪಿಗೆ ಪತ್ರಕ್ಕೆ ಸಹಿ ಅಥವಾ ಹೆಬ್ಬೆಟ್ಟು ಒತ್ತಿದ ಮೇಲೂ ಎರಡು ತಿಂಗಳು ಅವಳ ಮನಸ್ಸು ಬದಲಾಗಲು ಅವಕಾಶವಿದೆ. ಆ ಅವಧಿಯಲ್ಲಿ ‘ನನ್ನ ಕೂಸು ನನಗೆ ಕೊಡ್ರಿ’ ಎಂದು ಬಂದರೆ ಅವಳ ಮಾತಿಗೆ ಬೆಲೆ ಇದೆ. ಈ ಎರಡು ತಿಂಗಳ ವಿಷಯ ಅವಳಿಗೆ ಅರ್ಥವಾಗುವ ಹಾಗೆ ಹೇಳಿದ್ದೇವೆಯೇ ಎಂಬುದರಲ್ಲಿ ಸಮಿತಿಯ ಪ್ರಾಮಾಣಿಕತೆ ತಿಳಿಯುತ್ತದೆ. ಕಷ್ಟ ಕೈಮೀರಿ ಕೂಸನ್ನು ಬಿಟ್ಟಿದ್ದರೆ ಅದು ಬೇಕೆಂದೇ ಬಿಟ್ಟದ್ದಲ್ಲ ಎಂದು ಭಾವಿಸಿ, ಮಕ್ಕಳ ಮೇಲಿನ ಕ್ರೌರ್ಯದ ಶಿಕ್ಷೆಯನ್ನು ಹೆತ್ತವರಿಗೆ ಹಾಕಬಾರದು ಎಂದು 75ನೇ ಕಲಂ ಕೂಡ ಹೇಳುತ್ತದೆ.

ಮದುವೆಯಾಗದ ತಾಯಿಗೆ ಊರ ಮುಂದೆ ‘ಅಪ್ಪ ಯಾರು?’ ಎಂಬ ಪ್ರಶ್ನೆಯೇ ಶಿಕ್ಷೆ. 2015ರ ಜುಲೈ 6ರಂದು ಸುಪ್ರೀಂ ಕೋರ್ಟ್ ಅಂಥ ಒಬ್ಬ ತಾಯಿಯ ಮೊಕದ್ದಮೆಯಲ್ಲಿ, ತಂದೆಯ ಹೆಸರು ಹೇಳದೆಯೂ ಅವನಿಗೆ ನೋಟಿಸು ಕೊಡದೆಯೂ ಅವಳು ತನ್ನ ಮಗುವಿನ ಪಾಲಕಿಯಾಗಲು ಅರ್ಜಿ ಹಾಕಬಹುದು ಎಂದಿತು. ಆ ತೀರ್ಪಿಗೆ ತಾಯಿಯ ಹೆಸರಿಲ್ಲ. ಕಾನೂನು ವರದಿಗಳಲ್ಲಿ ಅವಳು ‘ಎಬಿಸಿ’ ಎಂಬ ಮೂರು ಅಕ್ಷರ ಮಾತ್ರ. ಹಕ್ಕು ಗೆದ್ದಳು, ಗುಟ್ಟೂ ಉಳಿಯಿತು.

ಈ ಗುಟ್ಟಿನ ಆಯುಷ್ಯ ಉದ್ದ. ದತ್ತು ಹೋದ ಮಗು ಹದಿನೆಂಟು ದಾಟಿದ ಮೇಲೆ ತನ್ನ ಬೇರು ಹುಡುಕಿಕೊಂಡು ಬರಬಹುದು. ಆದರೆ ಆ ಹುಡುಕಾಟ ಹೆತ್ತವರ ಖಾಸಗಿತನವನ್ನು ಮುರಿಯಬಾರದು ಎಂದು ದತ್ತಕ ನಿಯಮ ಹೇಳುತ್ತದೆ. ಇಂದು ಹೆಬ್ಬೆಟ್ಟು ಒತ್ತಿದ ಹುಡುಗಿ ಮುಂದೆ ಬೇರೊಂದು ಸಂಸಾರದ ಅಜ್ಜಿಯಾದಾಗಲೂ ಅವಳ ಕಾಗದ ಯಾರ ಕೈಗೂ ಹಾಗೇ ಸಿಗಕೂಡದು.

ಗುಟ್ಟು ಸೋರುವ ಜಾಗಗಳು

ದೊಡ್ಡ ಊರಲ್ಲಿ ಹೆಸರು ಮುಚ್ಚಿದರೆ ಗುರುತು ಮುಚ್ಚಿದಂತೆ. ಹಳ್ಳಿಯಲ್ಲಿ ಹಾಗಲ್ಲ. ‘ಕುಂದಗೋಳ ತಾಲ್ಲೂಕಿನ ಗ್ರಾಮವೊಂದರ 14 ವರ್ಷದ ಬಾಲಕಿ, ತಂದೆ ಟ್ರ್ಯಾಕ್ಟರ್ ಚಾಲಕ’ ಎಂದು ಬರೆದರೆ ಹೆಸರು ಬೇಕಿಲ್ಲ; ಕಟ್ಟೆಯ ಮೇಲೆ ಕೂತವರು ಮನೆ ತೋರಿಸುತ್ತಾರೆ. ಬಾಲ್ಯವಿವಾಹ ತಡೆದ ಸುದ್ದಿಗಳಲ್ಲಿ ಇದು ಮತ್ತೆ ಮತ್ತೆ ಆಗುತ್ತದೆ. ಚಪ್ಪರದ ಫೋಟೊ, ಓಣಿಯ ಹೆಸರು, ವಧುವಿನ ತರಗತಿ. ಮದುವೆ ನಿಲ್ಲಿಸಿದ್ದು ಒಳ್ಳೆಯ ಕೆಲಸ. ಆದರೆ ಮರುದಿನ ಆ ಹುಡುಗಿ ಸಾಲಿಗೆ ಹೇಗೆ ಹೋಗಬೇಕು? ಅಪ್ಪ ಮುಚ್ಚಳಿಕೆ ಬರೆದುಕೊಟ್ಟ ಮೇಲೆ ಅವನಿಗೂ ಮಗಳನ್ನು ಓದಿಸುವ ಮನಸ್ಸು ಬರಬೇಕಾದರೆ ಮುಖ ಎತ್ತಿ ನಡೆಯುವಷ್ಟು ಮರ್ಯಾದೆ ಉಳಿದಿರಬೇಕು.

ತನಿಖೆಯೇ ಗುಟ್ಟು ಒಡೆಯುವುದೂ ಉಂಟು. ಸರ್ಕಾರಿ ಫಲಕದ ಜೀಪು ಮನೆ ಮುಂದೆ ನಿಂತರೆ, ‘ಈ ಮನ್ಯಾಗ ಗಂಡ ಹೆಂಡತಿ ಜಗಳ ಆಡತಾರೇನ್ರಿ?’ ಎಂದು ಪಕ್ಕದ ಅಂಗಡಿಯಲ್ಲಿ ಕೇಳಿದರೆ, ವರದಿಗೆ ‘ಗೋಪ್ಯ’ ಎಂಬ ಮುದ್ರೆ ಒತ್ತಿ ಏನು ಬಂತು? ಅನುಭವಿ ಕಾರ್ಯಕರ್ತೆಯರು ವಾಹನವನ್ನು ಊರ ಹೊರಗೇ ನಿಲ್ಲಿಸಿ ನಡೆದು ಬರುತ್ತಾರೆ. ಅಂಗನವಾಡಿಯ ತೂಕದ ದಿನವೋ ಲಸಿಕೆಯ ದಿನವೋ ನೋಡಿ, ನಾಲ್ಕಾರು ಮನೆಗಳಿಗೆ ಹೋದ ಹಾಗೆ ಆ ಮನೆಗೂ ಹೋಗುತ್ತಾರೆ. ನೆರೆಯವರನ್ನು ಕೇಳುವ ಮೊದಲು ಹೆತ್ತವರನ್ನೇ ಕೇಳುತ್ತಾರೆ.

ಮೂರನೆಯ ಜಾಗ ನಮ್ಮ ಪಂಚಾಯತಿ ಮಟ್ಟದ ಕಾವಲು ಸಮಿತಿಗಳು, ಮಕ್ಕಳ ಗ್ರಾಮಸಭೆಗಳು. ಇವು ಬೇಕು. ಸಾಲಿ ಬಿಟ್ಟ ಮಗು ಮೊದಲು ಕಣ್ಣಿಗೆ ಬೀಳುವುದು ಇವರಿಗೇ. ಆದರೆ ಸಭೆಯಲ್ಲಿ ಸಮಸ್ಯೆ ಮಾತಾಡಬೇಕು, ಮಗುವಿನ ಹೆಸರು ಆಡಬಾರದು. ಹೆಸರು ಮಕ್ಕಳ ಸಹಾಯವಾಣಿ 1098ಕ್ಕೆ, ಸಮಿತಿಗೆ, ಪೊಲೀಸರಿಗೆ ಹೋಗಲಿ. ನಡಾವಳಿ ಪುಸ್ತಕಕ್ಕೆ ಬೇಡ.

ಹೆತ್ತವರಿಂದಲೇ ಅಪಾಯವಾದರೆ

ಎಲ್ಲ ಮನೆಯೂ ನೆರಳಲ್ಲ. ಅಪ್ಪನೇ ಕೈ ಮಾಡಿದ, ಸಂಬಂಧಿಯೇ ಕೆಡಿಸಿದ ಪ್ರಕರಣಗಳು ಸಮಿತಿಯ ಮುಂದೆ ಬರುತ್ತವೆ. ಅಲ್ಲಿ ಗುಟ್ಟನ್ನು ಆ ವ್ಯಕ್ತಿಯಿಂದಲೂ ಕಾಯಬೇಕು: ಮಗು ಯಾವ ಮನೆಯಲ್ಲಿದೆ, ಯಾರ ಜೊತೆ ಏನು ಹೇಳಿತು ಎಂಬುದನ್ನು. ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ 2012ರ ಪೋಕ್ಸೊ ಕಾಯ್ದೆ ಇದನ್ನು ಸೂಕ್ಷ್ಮವಾಗಿ ಹಿಡಿದಿದೆ. ಮಗುವಿನ ಹೇಳಿಕೆ ದಾಖಲಿಸುವಾಗ ತಂದೆತಾಯಿ ‘ಅಥವಾ ಮಗು ನಂಬುವ ಬೇರೆ ಯಾರಾದರೂ’ ಜೊತೆಗಿರಬೇಕು ಎನ್ನುತ್ತದೆ. ಹೆತ್ತವರ ಜಾಗ ಹೆತ್ತ ಮಾತ್ರಕ್ಕೆ ಬಂದದ್ದಲ್ಲ, ಮಗುವಿನ ನಂಬಿಕೆಯಿಂದ ಬಂದದ್ದು ಎಂಬ ಅರಿವು ಆ ಮಾತಿನಲ್ಲಿದೆ. ಆದರೆ ಅಪ್ಪ ಆರೋಪಿಯಾದ ಕಾರಣಕ್ಕೆ ಅವ್ವನನ್ನೂ ಕತ್ತಲಲ್ಲಿಟ್ಟರೆ ಮಗು ಎರಡು ಸಲ ಅನಾಥವಾಗುತ್ತದೆ.

ಅವಸರದ ಅಪಾಯವನ್ನು ಜಗತ್ತು ಕಂಡಿದೆ. 1987ರಲ್ಲಿ ಇಂಗ್ಲೆಂಡಿನ ಕ್ಲೀವ್‌ಲ್ಯಾಂಡ್ ಎಂಬಲ್ಲಿ ಕೆಲವೇ ತಿಂಗಳಲ್ಲಿ 121 ಮಕ್ಕಳು ಲೈಂಗಿಕ ದೌರ್ಜನ್ಯಕ್ಕೆ ಒಳಗಾಗಿದ್ದಾರೆಂದು ವೈದ್ಯರು ಹೇಳಿದರು. ಬಹಳಷ್ಟು ಮಕ್ಕಳನ್ನು ಮನೆಗಳಿಂದ ತೆಗೆದುಕೊಂಡು ಹೋದರು. ಆಮೇಲೆ ಅನೇಕರು ಮನೆಗೆ ಮರಳಿದರು. ನ್ಯಾಯಾಧೀಶೆ ಎಲಿಜಬೆತ್ ಬಟ್ಲರ್-ಸ್ಲಾಸ್ ನಡೆಸಿದ ವಿಚಾರಣೆಯ ನಂತರ, 1989ರಲ್ಲಿ ಅಲ್ಲಿನ ಮಕ್ಕಳ ಕಾಯ್ದೆಯೇ ಹೊಸದಾಯಿತು. ಮಗುವನ್ನು ನಂಬಬೇಕು, ಹೆತ್ತವರ ಮಾತನ್ನೂ ಕೇಳಬೇಕು. ಒಂದರ ಹೆಸರಿನಲ್ಲಿ ಇನ್ನೊಂದನ್ನು ಬಿಡಲಾಗದು.

ಬಡತನ ತಪ್ಪಲ್ಲ

ನಮ್ಮ ಹಳ್ಳಿಗಳಲ್ಲಿ ಮಗು ಮನೆಯಿಂದ ದೂರವಾಗಲು ಬಹಳ ಸಲ ಕಾರಣ ಕ್ರೌರ್ಯವಲ್ಲ, ಖಾಲಿ ಹಿಟ್ಟಿನ ಡಬ್ಬಿ. ಬರೀ ಬಡತನದ ಕಾರಣಕ್ಕೆ ಮಗುವನ್ನು ಹೆತ್ತವರಿಂದ ಬೇರೆ ಮಾಡಬಾರದು ಎಂದು 2009ರಲ್ಲಿ ವಿಶ್ವಸಂಸ್ಥೆಯ ಮಾರ್ಗಸೂಚಿ ಹೇಳಿತು. ಸಂಸ್ಥೆಗೆ ಸೇರಿಸುವುದು ಕೊನೆಯ ದಾರಿಯಾಗಬೇಕು ಎಂಬ ತತ್ವ ನಮ್ಮ ಕಾಯ್ದೆಯ 3ನೇ ಕಲಂನಲ್ಲೇ ಇದೆ. 2020ರ ಡಿಸೆಂಬರಿನಲ್ಲಿ, ಕೋವಿಡ್ ಕಾಲಕ್ಕೆ ಪಾಲನಾ ಸಂಸ್ಥೆಗಳಿಂದ ಮನೆಗೆ ಮರಳಿದ ಮಕ್ಕಳ ಓದಿಗೆ ತಿಂಗಳಿಗೆ 2,000 ರೂಪಾಯಿ ಕೊಡುವಂತೆ ಸುಪ್ರೀಂ ಕೋರ್ಟ್ ಹೇಳಿತು. ಈಗ ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದಲ್ಲಿ ಪ್ರಾಯೋಜಕತ್ವದ ನೆರವು ಮಗುವಿಗೆ ತಿಂಗಳಿಗೆ 4,000 ರೂಪಾಯಿ. ಗ್ರಾಮೀಣ ಕುಟುಂಬಕ್ಕೆ ವಾರ್ಷಿಕ ಆದಾಯ ಮಿತಿ 72,000. ವಿಧವೆ ತಾಯಿಯ ಮಗು, ದೊಡ್ಡ ರೋಗ ಹಿಡಿದ ಅಪ್ಪನ ಮಗು ಇದರಿಂದ ತನ್ನ ಮನೆಯಲ್ಲೇ ಉಳಿಯಬಹುದು. 2021ರ ತಿದ್ದುಪಡಿ ಇನ್ನೊಂದು ಒಳ್ಳೆಯ ಕೆಲಸ ಮಾಡಿತು. ಜಿಲ್ಲೆಯಲ್ಲಿ ಮಕ್ಕಳ ಪಾಲನಾ ಸಂಸ್ಥೆ ನಡೆಸುವವರು ಸಮಿತಿಯ ಸದಸ್ಯರಾಗುವಂತಿಲ್ಲ. ಮಗು ಮನೆಗೆ ಹೋಗಬೇಕೋ ಸಂಸ್ಥೆಗೋ ಎಂದು ತೀರ್ಮಾನಿಸುವವರಿಗೆ ಸಂಸ್ಥೆಯ ಹಂಗು ಇರಬಾರದು.

ಮುಂದಿನ 25 ವರ್ಷಕ್ಕೆ

ಸ್ಮರಣ ಸಂಚಿಕೆಯಲ್ಲಿ ಬೇಡಿಕೆ ಬರೆಯುವುದು ಸಲುಗೆಯ ಹಕ್ಕು. ಒಂದು, ಸಮಿತಿಯ ಬಾಗಿಲಲ್ಲೇ ಪ್ರತಿ ತಂದೆತಾಯಿಗೆ ಒಂದು ಪುಟದ ಕಾಗದ ಕೊಡಲಿ, ಓದಲು ಬಾರದವರಿಗೆ ಓದಿ ಹೇಳಲಿ: ಮಗು ಕ್ಷೇಮವಾಗಿದೆ, ಇಂಥ ದಿನ ನೋಡಬಹುದು, ವರದಿಯ ಸಾರಾಂಶ ಕೇಳಬಹುದು, ಉತ್ತರ ಕೊಡಬಹುದು, ವಕೀಲರು ಉಚಿತ, ಮೇಲ್ಮನವಿಗೆ 30 ದಿನ. ಎರಡು, ಅಪಾಯದ ಕಾರಣಕ್ಕೆ ಹೆತ್ತವರಿಂದ ಏನನ್ನಾದರೂ ಮುಚ್ಚಿಟ್ಟರೆ ಏಕೆ ಎಂಬುದನ್ನು ಕಡತದಲ್ಲಿ ಬರೆಯಲಿ. ಮೂರು, ನವಲಗುಂದದಿಂದಲೋ ಕಲಘಟಗಿಯ ಕಾಡಂಚಿನ ಊರಿನಿಂದಲೋ ಬರುವವರಿಗೆ ಒಂದು ಸಿಟ್ಟಿಂಗ್ ಎಂದರೆ ಒಂದು ದಿನದ ಪಗಾರ ಹೋದಂತೆ. ತಾಲ್ಲೂಕಿಗೆ ಆಗಾಗ ಸಮಿತಿಯೇ ಬರಲಿ.

ಆ ಹುಡುಗನ ಕಡತ ಮುಗಿಯಿತು. ಅವ್ವ ಹೇಳಿದ ಮಾತು ದಾಖಲಾಯಿತು. ಕಾಕಾನನ್ನು ಕರೆಸಿ ಮಾತಾಡಿದರು, ಹುಡುಗನನ್ನೂ ಕೇಳಿದರು. ಅವನನ್ನು ಅವ್ವನ ಕೈಗೆ ಒಪ್ಪಿಸುವ ಆದೇಶವಾಯಿತು. ಪ್ರತಿಯನ್ನು ಅವಳು ನಾಲ್ಕು ಮಡಿಕೆ ಮಾಡಿ ಕುಪ್ಪಸದೊಳಗೆ ಇಟ್ಟುಕೊಂಡಳು. ಸಂಜೆಯ ಬಸ್ಸಿನಲ್ಲಿ ಊರ ಹೆಂಗಸೊಬ್ಬಳು ಪಕ್ಕಕ್ಕೆ ಬಂದು ಕೂತು ಕೇಳಿದಳು.

“ಮಗನ್ನ ಕರಕೊಂಡು ಎಲ್ಲಿಗೆ ಹೋಗಿದ್ದಿ ಬೇ?”

“ಧಾರವಾಡದಾಗ ನಮ್ಮ ಅಣ್ಣನ ಮನಿಗಿ ಹೋಗಿದ್ವಿ.”

ಹುಡುಗ ಅವ್ವನ ಮುಖ ನೋಡಿದ. ಅವಳು ಸೆರಗಿನಿಂದ ಅವನ ಬಾಯಿ ಒರೆಸಿ, ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಅವಳು 74ನೇ ಕಲಂ ಓದಿದವಳಲ್ಲ. ಊರಿಗೆ ಏನು ಹೇಳಬೇಕು, ಏನು ಹೇಳಬಾರದು ಎಂಬುದು ಅವಳಿಗೆ ನಮಗಿಂತ ಮೊದಲೇ ಗೊತ್ತಿತ್ತು. ಇಷ್ಟು ಜತನದಿಂದ ಗುಟ್ಟು ಕಾಯುವವಳಿಂದ ನಾವು ಗುಟ್ಟು ಮಾಡುವುದು ಬೇಡ.